ಮೂರು ಚಂದ್ರರ ಅಗಲ

ಹಿಡಿಸಬೇಕಾದದ್ದು ಹಿಡಿಸಲಿಲ್ಲ. ಕೃತ್ತಿಕೆಯ ಪುಟ್ಟ ಗೊಂಚಲು ಟೆಲಿಸ್ಕೋಪಿನ ಐಪೀಸಿನೊಳಗೆ, ಕಣ್ಣಿಡುವ ಆ ಮಸೂರದೊಳಗೆ, ಪೂರ್ತಿ ಕೂತು, ಸುತ್ತ ಒಂದಿಷ್ಟು ಖಾಲಿ ಆಕಾಶವೂ ಉಳಿಯಬೇಕಿತ್ತು. ಅವಳ ಕಣ್ಣಿಗೆ ಕಂಡದ್ದು ನಡುವಿನ ಮೂರು ನಾಲ್ಕು ನಕ್ಷತ್ರ ಮಾತ್ರ. ಉಳಿದವು ಇರಬೇಕಾದ ಜಾಗಕ್ಕೆ ಎಲ್ಲ ಕಡೆಯಿಂದ ಕತ್ತಲು ಒತ್ತಿಕೊಂಡು ಬಂದಿತ್ತು, ಕಣ್ಣಿಗೆ ಯಾರೋ ಕೊಳವೆ ಹಿಡಿದ ಹಾಗೆ.

ಕೊಳವೆ ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ಅವಳು ಐಪೀಸಿನಿಂದ ಮುಖ ಎತ್ತಿದಳು. ಅದು ಅವಳ ಮಾತಲ್ಲ, ಅಪ್ಪನದು. ಅಪ್ಪ ಹಾಲಿನ ವ್ಯಾನ್ ಓಡಿಸುತ್ತಿದ್ದವನು. ಡಿಪೋದ ಗೇಟಿನ ಎಡಗಡೆಯ ಕಂಬಕ್ಕೆ ಮೂರು ಸಲ ಗುದ್ದಿ, ಮೂರೂ ಸಲ "ಕಂಬವೇ ಸರಿದು ಬಂತು" ಎಂದು ಸಾಧಿಸಿದ್ದ. ಆಮೇಲೆ ಕಣ್ಣಿನ ಡಾಕ್ಟರು ಗ್ಲುಕೋಮಾ ಎಂದರು. ಕಣ್ಣಿನ ನರ ಸದ್ದಿಲ್ಲದೆ ಸವೆಯುತ್ತ, ನೋಟ ಅಂಚಿನಿಂದ ಒಳಕ್ಕೆ ಕರಗುತ್ತ ಬರುವ ರೋಗ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೇ ಎಂದು ಅವರು ಹೇಳಿದ ದಿನ ಅಪ್ಪ ಮನೆಗೆ ಬಂದು, "ಕೊಳವೆಯಲ್ಲಿ ನೋಡಿದ ಹಾಗಿದೆ ಕಣಮ್ಮ" ಎಂದಿದ್ದ. ಮಕ್ಕಳಿಗೂ ಬರುವ ಸಂಭವ ಹೆಚ್ಚು, ತಪಾಸಣೆ ಮಾಡಿಸಿಕೊಳ್ಳಿ ಎಂದು ಡಾಕ್ಟರು ಅವಳಿಗೂ ಹೇಳಿದ್ದರು. ಅವಳು ಹೂಂಗುಟ್ಟಿ ಬಂದಿದ್ದಳು. ಹೋಗಿರಲಿಲ್ಲ.

ಅವಳು ಆಂಬುಲೆನ್ಸ್ ಓಡಿಸುವವಳು. ಮುಂದಿನ ವಾರ ಚಾಲಕರ ಆರೋಗ್ಯ ತಪಾಸಣೆ ಇತ್ತು. ಪ್ರತಿ ಸಲ ಗೋಡೆಯ ಮೇಲಿನ ಅಕ್ಷರ ಓದಿಸಿ ಕಳಿಸುತ್ತಿದ್ದರು. ಈ ಸಲ ಪಕ್ಕದ ನೋಟವನ್ನೂ ಪರೀಕ್ಷಿಸಲಾಗುವುದು ಎಂದು ಗ್ಯಾರೇಜಿನ ಬಾಗಿಲಿಗೆ ಸೂಚನೆ ಅಂಟಿಸಿದ್ದರು. ಅದನ್ನು ಓದಿದಾಗ ಅವಳಿಗೆ ಏನೂ ಅನಿಸಿರಲಿಲ್ಲ. ಈಗ ತಾರಸಿಯ ತಂಪಿನಲ್ಲಿ ನಿಂತು ಅದೇ ಸಾಲನ್ನು ಮತ್ತೆ ಮತ್ತೆ ನೆನೆದಳು.

"ಹೇಗಿದೆ ನಮ್ಮ ಹೊಸ ಟೈರು?" ಎಂದು ಮೆಟ್ಟಿಲ ಕಡೆಯಿಂದ ಗಂಡ ಕೂಗಿದ.

ಅವನು ಕೇಳಿದ್ದು ಐಪೀಸಿನ ಬಾಯಿಗೆ ಕೂರಿಸಿದ್ದ ರಬ್ಬರ್ ಬಳೆಯ ಬಗ್ಗೆ. ಪಕ್ಕದ ಮನೆಯ ಮೆಟ್ಟಿಲ ದೀಪ ಕಣ್ಣಿಗೆ ಹೊಡೆಯುತ್ತದೆ ಎಂದು ಅವಳು ಹಿಂದೊಮ್ಮೆ ಗೊಣಗಿದ್ದಳು. ಗಂಡನದು ಟೈರ್ ಅಂಗಡಿ. ಹಳೆಯ ಟ್ಯೂಬ್ ಕತ್ತರಿಸಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ, ತನ್ನ ಕಣ್ಣಿಗೇ ಒತ್ತಿ ಒತ್ತಿ ನೋಡಿ, ಬೆರಳಗಲಕ್ಕೆ ತುಸು ಕಡಿಮೆ ಎತ್ತರದ ಬಳೆಯೊಂದನ್ನು ಮಾಡಿ ಕೂರಿಸಿದ್ದ. ಟೆಲಿಸ್ಕೋಪಿನಲ್ಲಿ ಅವನ ಆಸಕ್ತಿ ಅಷ್ಟಕ್ಕಷ್ಟೆ. ಆದರೆ ಹೆಂಡತಿ ಗೊಣಗಿದ್ದನ್ನು ಮರೆಯುವ ಜಾತಿಯವನಲ್ಲ.

"ಚೆನ್ನಾಗಿದೆ. ಬೆಳಕು ಒಂದಿಷ್ಟೂ ಬರ್ತಿಲ್ಲ" ಎಂದಳು. ಅದು ನಿಜವೂ ಆಗಿತ್ತು.

ತಿಂಗಳುಗಟ್ಟಲೆ ಮೋಡ, ಅದು ತಿಳಿಯಾದಾಗ ರಾತ್ರಿ ಪಾಳಿ. ಹೀಗಾಗಿ ಟೆಲಿಸ್ಕೋಪು ಗೋಣಿಚೀಲ ಹೊದ್ದು ಮೂಲೆಯಲ್ಲಿ ಕೂತಿತ್ತು. ಹಿಂದಿನ ತಪಾಸಣೆಯಲ್ಲಿ ದೂರಕ್ಕೆಂದು ಬರೆದುಕೊಟ್ಟ ಕನ್ನಡಕವೂ ಈಗ ಅವಳ ಮೂಗಿಗೆ ಒಗ್ಗಿ ಮೈಯ ಭಾಗವೇ ಆಗಿತ್ತು. ಅಷ್ಟು ತಿಂಗಳ ಮೇಲೆ ಇವತ್ತೇ ಅವಳು ಟೆಲಿಸ್ಕೋಪಿನ ಚೀಲ ಬಿಚ್ಚಿದ್ದು. ಬಿಚ್ಚಿದ ದಿನವೇ ಹೀಗೆ.

ಲೆಕ್ಕ ತಪ್ಪಿರಬಹುದೇ? ಆ ಊರಿನಲ್ಲಿ ಆಕಾಶ ನೋಡುವ ಹವ್ಯಾಸದ ಹತ್ತಿಪ್ಪತ್ತು ಜನ ಇದ್ದರು. ಅವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಲೆಕ್ಕದಕ್ಕ ಎಂದು. "ಲೆಕ್ಕದಕ್ಕ, ನನ್ನ ಕ್ಯಾಮೆರಾದಲ್ಲಿ ಇದು ಹಿಡಿಸುತ್ತಾ?" "ಲೆಕ್ಕದಕ್ಕ, ಆ ಐಪೀಸ್ ತಗೊಂಡ್ರೆ ಎಷ್ಟು ಅಗಲ ಕಾಣುತ್ತೆ?" ಸಿಗ್ನಲ್ಲಿನಲ್ಲಿ ನಿಂತಾಗಲೂ ಬಾಯಿಲೆಕ್ಕದಲ್ಲೇ ಉತ್ತರ ಹೇಳುತ್ತಿದ್ದಳು. ಲೆಕ್ಕವೇನೂ ದೊಡ್ಡದಲ್ಲ. ಟೆಲಿಸ್ಕೋಪಿನ ಸಂಗಮ ದೂರವನ್ನು ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ನೋಟ ಎಷ್ಟು ಪಟ್ಟು ಹಿಗ್ಗುತ್ತದೆಂದು ಸಿಗುತ್ತದೆ. ಅವಳದು ಆರುನೂರು ಮಿಲಿಮೀಟರಿನ ಟೆಲಿಸ್ಕೋಪು, ಹದಿನೈದರ ಐಪೀಸು: ನಲವತ್ತು ಪಟ್ಟು. ಕಣ್ಣಿಟ್ಟಾಗ ಎದುರಿಗೆ ಕಾಣುವ ವೃತ್ತ ಅರವತ್ತಾರು ಡಿಗ್ರಿ ಅಗಲ ಎಂದು ಐಪೀಸಿನ ಮೈಮೇಲೇ ಬರೆದಿತ್ತು. ಅರವತ್ತಾರನ್ನು ನಲವತ್ತರಿಂದ ಭಾಗಿಸಿದರೆ ಒಂದೂವರೆ ಡಿಗ್ರಿಗೆ ಚೂರು ಹೆಚ್ಚು. ಚಂದ್ರನ ಅಗಲ ಆಕಾಶದಲ್ಲಿ ಅರ್ಧ ಡಿಗ್ರಿ. ಅಂದರೆ ಮೂರು ಚಂದ್ರರನ್ನು ಸಾಲಾಗಿ ನಿಲ್ಲಿಸುವಷ್ಟು ಜಾಗ. ಕೃತ್ತಿಕೆಗೆ ಎರಡೂಕಾಲು ಚಂದ್ರರ ಅಗಲ ಸಾಕು. ಹಿಂದಿನ ವರ್ಷ ಇದೇ ಐಪೀಸಿನಲ್ಲಿ, ಇದೇ ತಾರಸಿಯಿಂದ ಅವಳು ಅದನ್ನು ಇಡಿಯಾಗಿ ನೋಡಿದ್ದಳು.

ಲೆಕ್ಕ ಸರಿಯಿತ್ತು.

ಆ ರಾತ್ರಿ ಮಲಗುವ ಮುನ್ನ ಕನ್ನಡಿಯ ಮುಂದೆ ನಿಂತು, ಎರಡೂ ಕೈ ಚಾಚಿ, ಬೆರಳು ಆಡಿಸಿ ನೋಡಿದಳು. ಕಂಡವು. ಆದರೆ ಅಪ್ಪನಿಗೂ ಹಾಗೇ ಕಾಣುತ್ತಿದ್ದವು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ರೋಗ ತಡವಾಗಿ ಗೊತ್ತಾಗುವುದು ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಒಂದು ಕಣ್ಣು ಮುಚ್ಚಿ ನೋಡಿದಳು. ಮೂಗು ಅಡ್ಡ ಬಂತು. ಮೂಗು ಎಲ್ಲಿ ಮುಗಿಯಿತು, ಕತ್ತಲು ಎಲ್ಲಿ ಶುರುವಾಯಿತು ಎಂದು ಹೇಳುವುದು ಹೇಗೆ?

"ಏನೇ ಅದು, ಹಕ್ಕಿ ಹಾರೋ ಹಾಗೆ?" ಎಂದ ಹಾಸಿಗೆಯಿಂದ ಗಂಡ.

"ಭುಜ ಹಿಡ್ಕೊಂಡಿದೆ. ನೀವು ಮಲಗ್ರೀ."

ಮಾರನೆಯ ಸಂಜೆ ಅರ್ಧ ಚಂದ್ರ ಬೆಳಗುತ್ತಿದ್ದ. ಅವಳು ಪೊಲೀಸರ ಹಾಗೆ ಒಬ್ಬೊಬ್ಬರನ್ನೇ ಬಿಡುಗಡೆ ಮಾಡುತ್ತ ಬರಲು ನಿಶ್ಚಯಿಸಿದ್ದಳು. ಮೊದಲ ಆರೋಪಿ ಟೆಲಿಸ್ಕೋಪು. ಐಪೀಸ್ ಕಳಚಿ ಆ ಜಾಗಕ್ಕೆ ಕ್ಯಾಮೆರಾ ಸಿಕ್ಕಿಸಿದಳು. ಕ್ಯಾಮೆರಾದ ಲೆಕ್ಕ ಇನ್ನೂ ಸುಲಭ: ಸೆನ್ಸರಿನ ಅಗಲವನ್ನು ಟೆಲಿಸ್ಕೋಪಿನ ಸಂಗಮ ದೂರದಿಂದ ಭಾಗಿಸಿ, ಐವತ್ತೇಳು ಪಾಯಿಂಟ್ ಮೂರರಿಂದ ಗುಣಿಸಿದರೆ ಡಿಗ್ರಿ ಸಿಗುತ್ತದೆ. ಇಪ್ಪತ್ತೆರಡು ಮಿಲಿಮೀಟರಿಗೆ ಚೂರು ಮಿಕ್ಕ ಸೆನ್ಸರು, ಹಾಗಾಗಿ ಚಿತ್ರದ ಅಗಲ ಎರಡು ಡಿಗ್ರಿಗೆ ಚೂರು ಹೆಚ್ಚು ಬರಬೇಕು. ಅದರಲ್ಲಿ ಚಂದ್ರ, ಒಂದು ಕೊಂಬಿನಿಂದ ಇನ್ನೊಂದು ಕೊಂಬಿನವರೆಗೆ, ಹೆಚ್ಚುಕಡಿಮೆ ಕಾಲು ಭಾಗ ತುಂಬಬೇಕು. ಚಿತ್ರ ತೆಗೆದು ಪರದೆಯ ಮೇಲೆ ಅಳೆದಳು. ಕಾಲು ಭಾಗವೇ. ಟೆಲಿಸ್ಕೋಪು ನಿರಪರಾಧಿ.

ಎರಡನೆಯ ಆರೋಪಿ ಐಪೀಸು. ಅದನ್ನು ಮತ್ತೆ ಕೂರಿಸಿ, ಚಂದ್ರನನ್ನು ನೋಟದ ಎಡ ಅಂಚಿಗೆ ತಳ್ಳಿ, ಉಳಿದ ಜಾಗದಲ್ಲಿ ಇನ್ನೆಷ್ಟು ಚಂದ್ರರು ಹಿಡಿಸಿಯಾರು ಎಂದು ಅಂದಾಜು ಮಾಡಿದಳು. ಇನ್ನರ್ಧ. ಒಟ್ಟು ಒಂದೂವರೆ. ತಲೆ ಅಲುಗಿಸಿದರೆ ಕತ್ತಲೂ ಅಲುಗಿ ಚಂದ್ರನನ್ನೇ ನುಂಗುತ್ತಿತ್ತು. ಕೊನೆಗೆ ಗಂಡನನ್ನು ಕರೆದಳು.

"ಇಲ್ಲಿ ನೋಡಿ ಹೇಳ್ರೀ. ಚಂದ್ರನ ಪಕ್ಕದ ಖಾಲಿ ಜಾಗದಲ್ಲಿ ಅಂಥವೇ ಎಷ್ಟು ಹಿಡಿಸ್ತವೆ?"

ಅವನು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತನ್ನ ರಬ್ಬರ್ ಬಳೆಗೆ ಒತ್ತಿದ. ಅಳತೆಯ ವಿಷಯದಲ್ಲಿ ಟೈರ್ ಅಂಗಡಿಯವನ ಕಣ್ಣು ಕೆಟ್ಟದ್ದಲ್ಲ.

"ಇನ್ನೆರಡು. ಸೇರಿದ್ರೆ ಮೂರು. ಬಲಗಡೆ ಸಂದಿಯಲ್ಲಿ ಒಂದು ಚೂರು ಮಿಗುತ್ತೆ" ಎಂದ. "ಯಾಕೆ, ಇನ್ನಿಬ್ಬರು ಬರೋರಿದಾರಾ?"

ಅವಳು ನಗಲಿಲ್ಲ. ಲೆಕ್ಕ ಸರಿ, ಟೆಲಿಸ್ಕೋಪು ಸರಿ, ಐಪೀಸು ಸರಿ. ಮೂರೂ ಸರಿಯಿದ್ದ ಮೇಲೆ ಉಳಿದದ್ದು ಒಂದೇ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಮುಂದಿನ ಎರಡು ದಿನ ಅವಳಿಗೆ ಎಲ್ಲೆಲ್ಲೂ ಪುರಾವೆಯೇ ಕಂಡಿತು. ಮೊಣಕೈ ಬಾಗಿಲ ಹಿಡಿಗೆ ತಾಗಿದರೆ ಪುರಾವೆ. ಮೇಜಿನ ಅಂಚಿನ ಲೋಟ ಉರುಳಿದರೆ ಪುರಾವೆ. ಇಪ್ಪತ್ತು ವರ್ಷದಿಂದ ಉರುಳಿಸುತ್ತಲೇ ಬಂದಿದ್ದಳು ಎಂಬುದು ನೆನಪಿಗೆ ಬರಲಿಲ್ಲ.

ಆಂಬುಲೆನ್ಸಿನಲ್ಲಿ ಅವಳ ಪಕ್ಕ ಕೂರುವ ನರ್ಸನ್ನು ಎಲ್ಲರೂ ಬ್ಯಾಂಡೇಜಣ್ಣ ಎನ್ನುತ್ತಿದ್ದರು. ಬಾಯಿಗೆ ಮಾತ್ರ ಬ್ಯಾಂಡೇಜು ಹಾಕಿಕೊಳ್ಳದ ಆಸಾಮಿ. ಕಾಲು ಮುರಿದುಕೊಂಡ ಬಡಗಿಯೊಬ್ಬರನ್ನು ಕರೆತರುವಾಗ ಅವಳು ಪ್ರತಿ ತಿರುವಿನಲ್ಲೂ ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ, ಆಮೆಯ ಹಾಗೆ ಗಾಡಿ ಬಿಡುತ್ತಿದ್ದಳು.

"ಅಕ್ಕಾ," ಎಂದ ಬ್ಯಾಂಡೇಜಣ್ಣ, "ಇವ್ರನ್ನ ಇಲ್ಲೇ ಇಳಿಸಿದ್ರೆ ಕುಂಟಿಕೊಂಡು ಹೋಗಿ ನಮಗಿಂತ ಮೊದಲು ಆಸ್ಪತ್ರೆ ಸೇರ್ತಾರೆ."

"ನಾನು ರೆಡಿ" ಎಂದರು ಹಿಂದಿನಿಂದ ಬಡಗಿ, ನೋವಿನ ನಡುವೆಯೂ.

ಅವಳು ನಗಬೇಕು ಎನ್ನುವಷ್ಟರಲ್ಲಿ ಎಡಗಡೆ ನಿಂತಿದ್ದ ಸಾಮಾನು ಲಾರಿಯ ಮರೆಯಿಂದ ಸೈಕಲ್ಲೊಂದು ನುಗ್ಗಿತು. ಬ್ರೇಕು ಒತ್ತಿದಳು. ಸೈಕಲ್ಲಿನವನು ಬೈದು ಹೋದ. ಲಾರಿಯ ಹಿಂದಿದ್ದವನನ್ನು ಯಾವ ಕಣ್ಣೂ ನೋಡಲಾರದು. ಬ್ಯಾಂಡೇಜಣ್ಣನೂ ನೋಡಿರಲಿಲ್ಲ. ಆದರೂ ಅವಳು ಗಾಡಿಯನ್ನು ಇನ್ನೂ ನಿಧಾನ ಮಾಡಿದಳು. ಅಪ್ಪನದೂ ಎಡಗಡೆಯ ಕಂಬವೇ.

ಬಡಗಿಯನ್ನು ಇಳಿಸಿದ ಮೇಲೆ ಅವಳು ನೇರ ಪಾಳಿ ಹಂಚುವ ಮೇಲ್ವಿಚಾರಕರ ಹತ್ತಿರ ಹೋಗಿ, ಬೆನ್ನು ನೋಯುತ್ತಿದೆ, ತಪಾಸಣೆಯವರೆಗೆ ಸ್ಟಿಯರಿಂಗ್ ಹಿಡಿಯಲಾರೆ ಎಂದಳು. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು. ಆದರೆ ಖಚಿತವಿಲ್ಲದ ಕಣ್ಣಿಟ್ಟುಕೊಂಡು ಇನ್ನೊಬ್ಬರ ಜೀವ ಹೊತ್ತು ಓಡಿಸುವುದಕ್ಕಿಂತ ಆ ನಾಚಿಕೆಯೇ ಹಗುರ ಅನಿಸಿತು. ಓಡಿಸುವ ಕೆಲಸ ಹೋದರೆ ಏನು ಮಾಡುವುದು ಎಂದು ಮನೆಗೆ ನಡೆಯುತ್ತ ಯೋಚಿಸಿದಳು. ಬೇರೆ ಕೆಲಸ ಸಿಕ್ಕೀತು. ಸಿಗ್ನಲ್ ಹಸಿರಾಗುವ ಮೊದಲೇ ಇಡೀ ರಸ್ತೆ ತನಗಾಗಿ ಸರಿದು ನಿಲ್ಲುವ ಆ ಘಳಿಗೆ ಎಲ್ಲಿ ಸಿಗಬೇಕು?

ಅಪ್ಪ ಎಂದಿನಂತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ರೇಡಿಯೋ ಹಚ್ಚಿ ಕೂತಿದ್ದ. ಅವನಿಗೆ ಎದುರಿನ ಮುಖ ಕಾಣುತ್ತದೆ, ಅದರ ಎರಡು ಕಿವಿ ಕಾಣುವುದಿಲ್ಲ. ಊಟದ ತಟ್ಟೆಯಲ್ಲಿ ಯಾವ ಪದಾರ್ಥ ಎಲ್ಲಿದೆ ಎಂದು ಹೇಳಿಬಿಟ್ಟರೆ ಸಾಕು. ಅವಳು ನೀರು ಕುಡಿದು, ಅದೂ ಇದೂ ಮಾತಾಡುತ್ತ ಬಟ್ಟೆ ಮಡಿಸತೊಡಗಿದಳು. ಅಪ್ಪ ರೇಡಿಯೋ ಆರಿಸಿದ.

"ಯಾಕಮ್ಮ, ಮಾತಾಡ್ತಾ ಮಾತಾಡ್ತಾ ತಲೆ ತಿರುಗಿಸ್ತಿದೀಯಾ? ನಿನ್ನ ದನಿ ಒಂದು ಸಲ ಆ ಗೋಡೆಗೆ ಹೋಗುತ್ತೆ, ಒಂದು ಸಲ ಈ ಗೋಡೆಗೆ. ವ್ಯಾನ್ ಓಡಿಸೋದು ನಿಲ್ಲಿಸೋದಕ್ಕೆ ಮೊದಲು ಒಂದು ವರ್ಷ ನಾನೂ ಹಾಗೇ ಮಾಡ್ತಿದ್ದೆ. ನಿಮ್ಮಮ್ಮ ಬೈತಿದ್ಳು, ಗೂಬೆ ಹಾಗೆ ಕತ್ತು ತಿರುಗಿಸಬೇಡಿ ಅಂತ."

ಮಡಿಸುತ್ತಿದ್ದ ಟವೆಲು ಅವಳ ಕೈಯಲ್ಲೇ ನಿಂತಿತು. ಆಮೇಲೆ ಎಲ್ಲವನ್ನೂ ಹೇಳಿದಳು. ಕೃತ್ತಿಕೆ, ಮೂರು ಚಂದ್ರರು, ಒಂದೂವರೆ, ಲಾರಿ, ಸೈಕಲ್ಲು.

"ಕಪ್ಪು ಕಾಣುತ್ತಾ?" ಎಂದು ಅಪ್ಪ ಕೇಳಿದ.

"ಹೂಂ. ಸುತ್ತ ಕಪ್ಪು. ಕೊಳವೆ ಹಾಗೆ. ನೀನೇ ಹೇಳಿದ್ದೆಯಲ್ಲ."

"ಆ ಕೊಳವೆ ಡಾಕ್ಟ್ರ ಮಾತು, ನಾನು ಕದ್ದಿದ್ದು. ನನಗೆ ಯಾವತ್ತೂ ಕಪ್ಪು ಕಾಣಿಸ್ಲಿಲ್ಲ ಕಣಮ್ಮ. ಇವತ್ತಿಗೂ ಕಾಣಲ್ಲ. ನಿನ್ನ ಬೆನ್ನ ಹಿಂದೆ ಏನು ಕಾಣುತ್ತೆ ನಿನಗೆ? ಕಪ್ಪಾ?"

"ಏನೂ ಇಲ್ಲ."

"ಹಾಗೇ. ಕಪ್ಪಿದೆ ಅಂತ ಗೊತ್ತಾಗಿದ್ರೆ ಆ ದರಿದ್ರ ಕಂಬಕ್ಕೆ ಮೂರು ಸಲ ಗುದ್ದುತಿದ್ನಾ? ಮೊದಲನೇ ಸಲವೇ ಡಾಕ್ಟ್ರ ಹತ್ರ ಓಡ್ತಿದ್ದೆ." ಅಪ್ಪ ಸೇರಿಸಿದ, "ನಾನು ಡಾಕ್ಟ್ರಲ್ಲ. ಸಮಾಧಾನಕ್ಕೆ ಹೇಳ್ತಿಲ್ಲ. ನಾಳೆನೇ ಹೋಗಿ ತೋರಿಸ್ಕೋ. ನಾನು ಕಂಬದ ಮೇಲೆ ತಪ್ಪು ಹಾಕ್ತಾ ಎರಡು ವರ್ಷ ಕಳೆದೆ. ಆ ಎರಡು ವರ್ಷದಲ್ಲಿ ಹೋದಷ್ಟು ಆಮೇಲೆ ಹೋಗಿಲ್ಲ."

ಅವಳಿಗೆ ಅರ್ಧ ಸಮಾಧಾನವಾಯಿತು. ಆ ಅರ್ಧವನ್ನೂ ನಂಬಲು ಧೈರ್ಯ ಸಾಲಲಿಲ್ಲ.

"ಇವ್ರಿಗೆ ಹೇಳ್ಬೇಡಪ್ಪಾ, ಪರೀಕ್ಷೆ ಆಗೋವರೆಗೆ."

"ನಾನ್ಯಾಕೆ ಹೇಳ್ಲಿ?" ಎಂದ ಅಪ್ಪ. ಅಪ್ಪನ ಬಾಯಲ್ಲಿ ಗುಟ್ಟು ನಿಲ್ಲುವುದೂ ಜರಡಿಯಲ್ಲಿ ನೀರು ನಿಲ್ಲುವುದೂ ಒಂದೇ ಎಂದು ಗೊತ್ತಿದ್ದೂ ಅವಳು ನಂಬಿದಳು.

ಸಂಜೆ ಅವಳು ತಾರಸಿಗೆ ಹೋದದ್ದು ಟೆಲಿಸ್ಕೋಪನ್ನು ಕಳಚಿ ಪೆಟ್ಟಿಗೆಗೆ ತುಂಬಲು. ಆದರೂ ಚಂದ್ರ ಎದುರಿಗೇ ಇದ್ದ ಎಂದು ಕೊನೆಯ ಸಲ ತಿರುಗಿಸಿಟ್ಟಳು. ಅಷ್ಟರಲ್ಲಿ ಗಂಡ ಮೇಲೆ ಬಂದ. ಅಂಗಡಿಯ ಮಸಿಗೈಯನ್ನೂ ತೊಳೆದಿರಲಿಲ್ಲ. ಅವನು ಏನೂ ಕೇಳಲಿಲ್ಲ. ಸುಮ್ಮನೆ ಟೆಲಿಸ್ಕೋಪಿಗೆ ಒಂದು ಸುತ್ತು ಹಾಕಿದ. ಆ ಸುತ್ತಿನಲ್ಲೇ ಅವಳಿಗೆ ಗೊತ್ತಾಯಿತು.

"ಅಪ್ಪ ಹೇಳಿಬಿಟ್ರಾ?"

"ಮಾವ ಏನೂ ಹೇಳ್ಲಿಲ್ಲ. 'ಅಳಿಯಂದ್ರೇ, ನಾನು ಏನೂ ಹೇಳಲ್ಲ, ನೀವು ಅವಳ ಕಣ್ಣಿನ ಬಗ್ಗೆ ಏನೂ ಕೇಳ್ಬೇಡಿ' ಅಂದ್ರು."

ಇಬ್ಬರಿಗೂ ನಗು ಬಂತು. ಅವಳ ನಗು ಅರ್ಧದಲ್ಲೇ ಒದ್ದೆಯಾಯಿತು. ಅವನಿಗೆ ಅಳು ಕಂಡರೆ ಕೈಕಾಲು ಆಡುವುದಿಲ್ಲ. ಏನಾದರೂ ಕೋತಿಚೇಷ್ಟೆ ಮಾಡಿ ತಪ್ಪಿಸಿಕೊಳ್ಳುವುದೇ ಅವನಿಗೆ ಗೊತ್ತಿದ್ದ ಒಂದೇ ಮದ್ದು. ಅವಳ ಮೂಗಿನ ಮೇಲಿಂದ ಕನ್ನಡಕ ಎಳೆದು ತನ್ನ ಮೂಗಿಗೆ ಏರಿಸಿದ. ಸೊಂಟಕ್ಕೆ ಕೈಯಿಟ್ಟು, ದನಿ ಸಣ್ಣ ಮಾಡಿ, "ರೀ, ಇಲ್ಲಿ ಕೇಳ್ರೀ. ನಾನು ಲೆಕ್ಕದಕ್ಕ. ನನಗೆ ಮೂರು ಚಂದ್ರ ಬೇಕೇ ಬೇಕು, ಎರಡೂಮುಕ್ಕಾಲು ಆದ್ರೆ ವಾಪಸ್ ಕೊಡ್ತೀನಿ" ಎಂದು ಐಪೀಸಿಗೆ ಬಗ್ಗಿದ.

ಬಗ್ಗಿದವನು ಹಾಗೇ ಉಳಿದ.

"ಅಯ್ಯೋ."

"ಏನು?"

"ಏನೇ ಇದು, ಎಲ್ಲ ಮಂಜು ಮಂಜು. ಅದಿರಲಿ, ಪಕ್ಕದ್ದೆಲ್ಲ ಎಲ್ಲಿ ಹೋಯ್ತು? ಯಾರೋ ಎರಡೂ ಕಡೆ ಬಾಗಿಲು ಹಾಕಿದ ಹಾಗಿದೆಯಲ್ಲ! ನನಗೂ ಬಂತಾ ಅದು?"

"ಆಟ ಆಡ್ಬೇಡಿ."

"ಆಟ ಅಲ್ವೇ, ಆಣೆ ಮಾಡ್ತೀನಿ. ಚಂದ್ರ ಒಬ್ಬನೇ ಇದಾನೆ. ಅವನ ಪಕ್ಕ ಒಂದು ಅರ್ಧ ಜಾಗ. ಮೊನ್ನೆ ಮೂರು ಹಿಡಿಸ್ತಿತ್ತು!"

ಅವಳು ಅವನ ಮೂಗಿನ ಮೇಲಿದ್ದ ಕನ್ನಡಕಕ್ಕೆ ಬೆರಳು ತೋರಿಸಿದಳು. "ಕನ್ನಡಕ ತೆಗೀರಿ. ತೆಗೆದು ನೋಡಿ."

ತೆಗೆದ. ನೋಡಿದ. "ಬಂತು. ಮೂರೂ ಬಂತು."

"ಮತ್ತೆ ಹಾಕ್ಕೊಳ್ಳಿ."

"ಹೋಯ್ತು."

"ತೆಗೀರಿ."

"ಬಂತು. ಏನೇ ಇದು, ಮಾಟ?"

ಅವಳು ಅವನನ್ನು ಹೆಚ್ಚುಕಡಿಮೆ ನೂಕಿ, ಬರಿಗಣ್ಣನ್ನು ರಬ್ಬರ್ ಬಳೆಗೆ ಒತ್ತಿದಳು. ಕನ್ನಡಕವಿಲ್ಲದೆ ಚಂದ್ರ ಮಸುಕಾಗಿದ್ದ. ಫೋಕಸಿನ ಗಾಲಿ ಸ್ವಲ್ಪ ತಿರುಗಿಸಿದಳು. ಮಸುಕು ಒಟ್ಟುಗೂಡಿ ಚೂಪಾಯಿತು. ಚಂದ್ರನ ಎರಡೂ ಕಡೆ ಆಕಾಶ ತೆರೆದುಕೊಂಡಿತು, ಯಾರೋ ಪರದೆ ಎಳೆದು ಸರಿಸಿದ ಹಾಗೆ. ಎಡ ಅಂಚಿಗೆ ತಳ್ಳಿದಳು. ಒಂದು. ಅದರ ಪಕ್ಕ ಇನ್ನೊಂದರ ಜಾಗ. ಅದರ ಪಕ್ಕ ಮತ್ತೊಂದರದು. ಬಲಗಡೆ ಸಂದಿಯಲ್ಲಿ ಒಂದು ಚೂರು ಮಿಗುತ್ತಿತ್ತು, ಗಂಡ ಹೇಳಿದ ಹಾಗೆಯೇ.

ಐಪೀಸಿನ ಗಾಜಿನಿಂದ ಇಂತಿಷ್ಟೇ ದೂರದಲ್ಲಿ ಕಣ್ಣಿರಬೇಕು. ಇದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಈ ಐಪೀಸಿಗೆ ಅದು ಹದಿಮೂರು ಮಿಲಿಮೀಟರು. ಕಣ್ಣು ಅದಕ್ಕಿಂತ ಹಿಂದೆ ಸರಿದರೆ ಅಂಚಿನಿಂದ ಬರುವ ಬೆಳಕು ಪಾಪೆಯ ಪಕ್ಕದಿಂದ ಜಾರಿಹೋಗುತ್ತದೆ, ಬಾಗಿಲ ಸಂದಿಯಿಂದ ದೂರ ನಿಂತಷ್ಟೂ ಒಳಗಿನ ಕೋಣೆ ಕಡಿಮೆ ಕಾಣುವ ಹಾಗೆ. ಕನ್ನಡಕವೊಂದೇ ಅವಳ ಕಣ್ಣನ್ನು ಅಷ್ಟು ಹಿಂದೆ ನಿಲ್ಲಿಸುತ್ತಿತ್ತು. ಅದರ ಮೇಲೆ ಗಂಡನ ರಬ್ಬರ್ ಬಳೆ. ಅವನು ಬಳೆಯನ್ನು ಅಳೆದು ಮಾಡಿದ್ದು ತನ್ನ ಕಣ್ಣಿಗೆ, ಕನ್ನಡಕವಿಲ್ಲದ ಕಣ್ಣಿಗೆ. ಅದಕ್ಕೇ ಅವನಿಗೆ ಮೂರು, ಅವಳಿಗೆ ಒಂದೂವರೆ. ಟೆಲಿಸ್ಕೋಪು, ಐಪೀಸು, ಕ್ಯಾಮೆರಾ ಎಲ್ಲವನ್ನೂ ಕಟಕಟೆಯಲ್ಲಿ ನಿಲ್ಲಿಸಿದವಳು ಮೂಗಿನ ಮೇಲೆ ಕೂತಿದ್ದವನನ್ನು ವಿಚಾರಿಸಿಯೇ ಇರಲಿಲ್ಲ. ಊರವರ ಕಣ್ಣಿಗೆಲ್ಲ ಲೆಕ್ಕ ಹಾಕಿಕೊಟ್ಟವಳು ತನ್ನ ಕಣ್ಣು ಎಲ್ಲಿದೆ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು" ಎಂದು ಅವಳು ತಾರಸಿಯ ನೆಲದ ಮೇಲೆ ಕೂತುಬಿಟ್ಟಳು. ಗಂಡನಿಗೆ ವಿವರಿಸಿದಳು. ಅರ್ಥವಾಗುತ್ತಿದ್ದ ಹಾಗೆ ಅವನ ಮುಖ ಇಳಿಯಿತು.

"ಅಂದ್ರೆ ನಾನು ಮಾಡಿಕೊಟ್ಟ ಬಳೆಯಿಂದಲೇ ಇಷ್ಟೆಲ್ಲ. ನಾಲ್ಕು ದಿನ ನೀನು ನಿದ್ದೆ ಮಾಡಿಲ್ಲ."

"ನೀವು ಬಳೆ ಮಾಡಿದ್ದಕ್ಕೆ ಹೆದರಿಕೊಂಡೆ. ನೀವು ಕೋತಿ ಆಡಿದ್ದಕ್ಕೆ ಬದುಕಿಕೊಂಡೆ. ಅಲ್ಲಿಗಲ್ಲಿಗೆ ಸರಿಹೋಯ್ತು."

"ಹಾಗಾದ್ರೆ ನಾಳೆ ಆಸ್ಪತ್ರೆ ಬೇಡ ಅನ್ನು."

"ಬೇಕು" ಎಂದಳು. "ಇದರಿಂದ ಟೆಲಿಸ್ಕೋಪಿನಲ್ಲಿ ಕಂಡ ಕತ್ತಲು ಯಾಕೆ ಅಂತ ಗೊತ್ತಾಯ್ತು ಅಷ್ಟೇ. ಕಣ್ಣು ಸರಿಯಿದೆ ಅಂತ ಇದು ಹೇಳಲ್ಲ." ಇಷ್ಟು ವರ್ಷ ಹೂಂಗುಟ್ಟಿ ತಪ್ಪಿಸಿಕೊಂಡಿದ್ದ ಪರೀಕ್ಷೆಗೆ ಹೋಗುವ ಧೈರ್ಯ, ಎಲ್ಲ ಕಳಕೊಂಡೆ ಎಂದುಕೊಂಡ ಮೇಲೆಯೇ ಬಂದಿತ್ತು.

ಕಣ್ಣಾಸ್ಪತ್ರೆಯಲ್ಲಿ ಒಂದು ಬಿಳಿ ಗುಮ್ಮಟದೊಳಗೆ ಮುಖವಿಟ್ಟು, ನಡುವಿನ ಚುಕ್ಕಿಯನ್ನೇ ನೋಡುತ್ತ ಕೂರಿಸಿದರು. ಸುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ಪುಟ್ಟ ಆಕಾಶದ ಹಾಗಿತ್ತು. ಕೆಲವು ಚುಕ್ಕಿ ಎಷ್ಟು ಮಂದ ಎಂದರೆ ಕಂಡಿತೋ ಇಲ್ಲವೋ ಎಂಬ ಅನುಮಾನ. ಆದರೆ ಮಂದ ನಕ್ಷತ್ರ ಹುಡುಕಿ ಪಳಗಿದ ಕಣ್ಣು ಅದು. ಒತ್ತುತ್ತ ಹೋದಳು. ಆಮೇಲೆ ಕಣ್ಣಿನ ಒತ್ತಡ ಅಳೆದರು, ಹನಿ ಹಾಕಿ ನರ ನೋಡಿದರು.

ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಕಾಗದ ತಿರುಗಿಸಿ ಅವಳ ಮುಂದಿಟ್ಟರು. "ಎರಡೂ ಕಣ್ಣಿನ ನೋಟದ ಹರವು ಪೂರ್ತಿ ಇದೆ. ಒತ್ತಡ ಸರಿಯಿದೆ. ನರದಲ್ಲೂ ಏನಿಲ್ಲ. ನಿಮ್ಮ ತಂದೆಗೆ ಇರೋದ್ರಿಂದ ವರ್ಷಕ್ಕೊಂದು ಸಲ ಬರಬೇಕು. ಬರ್ತೀನಿ ಅಂತ ಹೇಳಿ ಬರದೇ ಇರೋರೇ ಹೆಚ್ಚು."

"ಬರ್ತೀನಿ ಡಾಕ್ಟ್ರೇ."

"ಎಲ್ಲರೂ ಹೀಗೇ ಅಂತಾರೆ."

"ಇವಳು ಬರ್ತಾಳೆ" ಎಂದ ಗಂಡ. "ನಾನು ಬಳೆ ಮಾಡಿಕೊಟ್ಟು ಹೆದರಿಸ್ತೀನಿ." ಡಾಕ್ಟರಿಗೆ ಅರ್ಥವಾಗಲಿಲ್ಲ. ಇಬ್ಬರೂ ಬಿಡಿಸಿ ಹೇಳಲೂ ಇಲ್ಲ.

ಹನಿ ಹಾಕಿದ ಕಣ್ಣಿಗೆ ರಸ್ತೆಯೆಲ್ಲ ಬೆಳಕಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಗಂಡನ ಕೈ ಹಿಡಿದು ನಡೆದಳು. ಎಡಗಡೆ ಹೂವಿನ ಅಂಗಡಿ, ಬಲಗಡೆ ಬೀಗ ರಿಪೇರಿ, ಎರಡೂ ಮಸುಕು ಮಸುಕಾಗಿ, ಕುತ್ತಿಗೆ ತಿರುಗಿಸದೆ ಕಂಡವು. ಸಂಜೆ ಮೇಲ್ವಿಚಾರಕರಿಗೆ ಫೋನ್ ಮಾಡಿ, ಬೆನ್ನು ನೋವಲ್ಲ, ಕಣ್ಣಿನ ಹೆದರಿಕೆ ಎಂದು ನಿಜ ಹೇಳಿದಳು. ಆ ಕಡೆಯಿಂದ ಅವರು, ಬ್ಯಾಂಡೇಜಣ್ಣ ನಿನ್ನೆಯಿಂದ ಹೊಸ ಚಾಲಕನ ಪಕ್ಕ ಕೂತು ಬಾಯೇ ತೆರೆದಿಲ್ಲ, ಅವನ ಮೇಲಾದರೂ ಕರುಣೆಯಿಟ್ಟು ಬೇಗ ಬಾ ಎಂದರು.

ಹನಿಯ ಪ್ರಭಾವ ಇಳಿದ ಮರುದಿನ, ಬಟ್ಟೆ ಮಡಿಸುತ್ತ ಅವಳು ಅಪ್ಪನ ಹಳೆಯ ವರದಿಯೊಂದನ್ನು ನೆನೆದಳು. ಮಾತಿಗೆ ಕೇಳಿದಳು, "ಅಪ್ಪಾ, ನಿನ್ನ ಕಣ್ಣಲ್ಲಿ ಎಷ್ಟು ಡಿಗ್ರಿ ಉಳಿದಿದೆ ಅಂದಿದ್ರು?"

"ಇಪ್ಪತ್ತು. ಯಾಕೆ?"

ಇಪ್ಪತ್ತನ್ನು ನಲವತ್ತರಿಂದ ಭಾಗಿಸಿದರೆ ಅರ್ಧ. ಅರ್ಧ ಡಿಗ್ರಿ ಅಂದರೆ ಒಂದು ಚಂದ್ರ. ಅವಳು ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಎದ್ದಳು. ನನಗೇನು ಕಾಣುತ್ತೆ ಬಿಡು ಎಂದು ಅಪ್ಪ ವರ್ಷಗಳಿಂದ ತಾರಸಿ ಹತ್ತಿರಲಿಲ್ಲ. ಅವಳೂ ಅದನ್ನು ಒಪ್ಪಿಕೊಂಡು, ಒಮ್ಮೆಯೂ ಲೆಕ್ಕ ಹಾಕಿ ನೋಡಿರಲಿಲ್ಲ.

ನಲವತ್ತು ಪಟ್ಟು ಅಪ್ಪನಿಗೆ ಬಿಗಿಯಾಗುತ್ತದೆ. ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಇಪ್ಪತ್ತೈದರ ಐಪೀಸ್ ತೆಗೆದಳು. ಅದರಲ್ಲಿ ಇಪ್ಪತ್ತನಾಲ್ಕು ಪಟ್ಟು. ಚಂದ್ರ ಹನ್ನೆರಡು ಡಿಗ್ರಿ ಅಗಲವಾಗಿ ಕಾಣುತ್ತಾನೆ. ಇಪ್ಪತ್ತರೊಳಗೆ ಆರಾಮಾಗಿ ಕೂತು, ಸುತ್ತ ಜಾಗವೂ ಉಳಿಯುತ್ತದೆ. ಸಂಜೆ ಗಂಡ ಟೆಲಿಸ್ಕೋಪನ್ನು ತಾರಸಿಯಿಂದ ಅಂಗಳಕ್ಕೆ ಇಳಿಸಿದ, ಮಾವನ ಕುರ್ಚಿಯನ್ನೂ ತಂದಿಟ್ಟ. ಅವಳು ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಐಪೀಸಿನ ಬಾಯಿಗೆ ತಂದಳು.

"ಕಾಣಿಸ್ತಾ?"

ಅಪ್ಪನ ಬೆರಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದವು, ಸ್ಟಿಯರಿಂಗ್ ಹಿಡಿದ ಹಾಗೆ.

"ಪೂರ್ತಿ ಇದಾನೆ" ಎಂದ. "ಅಂಚೂ ಕಾಣುತ್ತೆ. ಕುಳಿ ಎಲ್ಲ ಕಾಣುತ್ತೆ. ಅಳಿಯಂದ್ರೇ, ಇವನ ಟೈರು ಪೂರಾ ಸವೆದು ಹೋಗಿದೆ."

"ಕಳ್ಸಿ ಮಾವ, ಬದಲಾಯಿಸಿ ಕೊಡ್ತೀನಿ."

ಸ್ವಲ್ಪ ಹೊತ್ತಿಗೆ ಅಪ್ಪನ ತಲೆ ಪಕ್ಕಕ್ಕೆ ವಾಲತೊಡಗಿತು. "ಅರೆ. ಹೋಗ್ತಿದಾನಲ್ಲಮ್ಮ. ಸರಿದು ಹೋಗ್ತಿದಾನೆ."

"ಭೂಮಿ ತಿರುಗ್ತಿದೆಯಲ್ಲಪ್ಪ, ಅದಕ್ಕೆ" ಎಂದು ಅವಳು ಟೆಲಿಸ್ಕೋಪನ್ನು ಒಂದು ಕೂದಲೆಳೆಯಷ್ಟು ತಳ್ಳಿ ಚಂದ್ರನನ್ನು ಮತ್ತೆ ನಡುವಿಗೆ ತಂದಳು.

"ನೋಡಿದ್ಯಾ?" ಎಂದ ಅಪ್ಪ, ಐಪೀಸಿನಿಂದ ಕಣ್ಣು ತೆಗೆಯದೆ. "ಕಂಬ ಸರಿದು ಬಂತು ಅಂದ್ರೆ ಆವತ್ತು ಯಾರೂ ನಂಬ್ಲಿಲ್ಲ."